ರೋಮನ್ ನಾಣ್ಯಗಳು: ಎಲ್ಲರೂ ಕೇಳುವ ಪ್ರಶ್ನೆಗಳು, ನನಗೆ ತಿಳಿದ ಉತ್ತರಗಳು

ಇಂಗ್ಲೆಂಡಿಗೆ ಬಂದ ಎರಡನೇ ಚಳಿಗಾಲದಲ್ಲಿ ಹತ್ತಿದ ಗೀಳು ಇದು. ಮನೆಗೆ ಬಂದವರು, ಊರಿಂದ ಫೋನ್ ಮಾಡುವವರು, ವಾಟ್ಸಾಪಿನಲ್ಲಿ ಮಸುಕು ಫೋಟೋ ಕಳಿಸಿ "ಇದು ಯಾರ ಕಾಲದ್ದು" ಅನ್ನುವವರು, ಎಲ್ಲರೂ ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅದಕ್ಕೇ ಒಂದು ಕಡೆ ಬರೆದಿಟ್ಟೆ. ನಾನು ವಿದ್ವಾಂಸನಲ್ಲ, ದುಡ್ಡು ಕಳೆದುಕೊಂಡು ಕಲಿತವನು.

## ಈಗಷ್ಟೇ ಶುರು ಮಾಡುವವರಿಗೆ

ಎರಡು ಸಾವಿರ ವರ್ಷ ಹಳೇದು ಅಂದ್ರೆ ಲಕ್ಷಗಟ್ಟಲೆ ಬೆಲೆ ಇರಬೇಕಲ್ವಾ?

ಇಲ್ಲ. ಬಹಳ ಜನಕ್ಕೆ ಇದನ್ನು ಕೇಳಿ ನಿರಾಸೆ ಆಗುತ್ತದೆ. ರೋಮನ್ನರು ನಾಣ್ಯ ಹೊಡೆದದ್ದು ಲೆಕ್ಕವಿಲ್ಲದಷ್ಟು, ಬ್ಯಾಂಕು ಇಲ್ಲದ ಕಾಲದಲ್ಲಿ ಜನ ಅದನ್ನು ಮಡಕೆಗೆ ತುಂಬಿ ಹೂತದ್ದೂ ಅಷ್ಟೇ. 2010ರಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್ ಕೌಂಟಿಯ ಫ್ರೋಮ್ ಹತ್ತಿರ ಒಂದೇ ಮಡಕೆಯಲ್ಲಿ 52,503 ನಾಣ್ಯ ಸಿಕ್ಕವು. 1992ರಲ್ಲಿ ಸಫೋಕ್ ಕಡೆ ಹಾಕ್ಸ್ನ್ ಎಂಬ ಹಳ್ಳಿಯಲ್ಲಿ ಒಬ್ಬರು ಗೆಳೆಯನ ಹೊಲದಲ್ಲಿ ಕಳೆದುಹೋದ ಸುತ್ತಿಗೆ ಹುಡುಕಲು ಹೋಗಿ ಹದಿನಾಲ್ಕು ಸಾವಿರಕ್ಕೂ ಜಾಸ್ತಿ ಚಿನ್ನ, ಬೆಳ್ಳಿ ನಾಣ್ಯ ಕಂಡರು. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ!

ಹಾಗಾಗಿ ವಯಸ್ಸಿಗೆ ಬೆಲೆ ಇಲ್ಲ. ಎಷ್ಟು ಅಪರೂಪ, ಎಷ್ಟು ಸವೆದಿದೆ, ಎಷ್ಟು ಜನ ಬೇಕು ಅನ್ನುತ್ತಾರೆ, ಇವಕ್ಕೆ ಬೆಲೆ. ನಾಲ್ಕನೇ ಶತಮಾನದ ಸಾಮಾನ್ಯ ಕಂಚಿನ ನಾಣ್ಯ ಇಲ್ಲಿ ಇಬ್ಬರ ಹೋಟೆಲ್ ಊಟದ ದುಡ್ಡಿಗೆ ಸಿಗುತ್ತದೆ. ಚಿನ್ನದ ಔರಿಯಸ್ ಬೇಕಾದರೆ ಮಾತ್ರ ಸಾವಿರಾರು ಪೌಂಡ್ ತೆರಬೇಕು.

ಯಾವುದರಿಂದ ಶುರು ಮಾಡ್ಲಿ? ಕಿಲೋ ಲೆಕ್ಕದಲ್ಲಿ ತೊಳೆಯದ ನಾಣ್ಯ ಮಾರ್ತಾರಂತೆ, ಅದು ತಗೊಳ್ಳಲಾ?

ಬೇಡ. ನಾನು ತಗೊಂಡಿದ್ದೆ, ಐವತ್ತು ಇದ್ದವು. ಮೂರು ತಿಂಗಳು ನೀರಲ್ಲಿ ನೆನೆಸಿ, ಹಲ್ಲುಕಡ್ಡಿ ಹಿಡಿದು ಕೂತು ಕೆರೆದ ಮೇಲೆ ಓದಲು ಬಂದದ್ದು ನಾಲ್ಕು. ಉಳಿದವು ಮಣ್ಣು ಮೆತ್ತಿದ ಗುಂಡಿಗಳ ಹಾಗಿದ್ದವು. ಒಳ್ಳೆಯದನ್ನೆಲ್ಲ ಮೊದಲೇ ಆರಿಸಿಕೊಂಡು ಮಿಕ್ಕಿದ್ದನ್ನು ಮಾರಿರುತ್ತಾರೆ. ಅದಕ್ಕಿಂತ ದೊಡ್ಡ ತಕರಾರು, ಅವು ಯಾವ ಹೊಲದಿಂದ ಬಂದವು ಅಂತ ಯಾರೂ ಹೇಳುವುದಿಲ್ಲ.

ಅಷ್ಟೇ ದುಡ್ಡಿಗೆ ಅಕ್ಷರ ಸ್ಪಷ್ಟವಾಗಿ ಕಾಣುವ ಒಂದೇ ಒಂದು ನಾಣ್ಯ ತಗೊಳ್ಳಿ. ನಾಲ್ಕನೇ ಶತಮಾನದ ಚಕ್ರವರ್ತಿ ಕಾನ್‌ಸ್ಟಂಟೈನ್ ಮನೆತನದ ಕಂಚಿನ ನಾಣ್ಯ ಕಲಿಯುವವರಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಸುಲಭವಾಗಿ ಸಿಗುತ್ತದೆ, ಟಂಕಸಾಲೆಯ ಗುರುತು ಅದರ ಮೇಲೇ ಇರುತ್ತದೆ. ಒಂದನ್ನು ಪೂರ್ತಿ ಓದಿದ ಮೇಲೆ ಎರಡನೆಯದು.

ಡಿನಾರಿಯಸ್, ಸೆಸ್ಟರ್ಷಿಯಸ್, ಆಸ್... ಹೆಸರು ಕೇಳಿಯೇ ತಲೆ ತಿರುಗುತ್ತೆ. ಸುಲಭವಾಗಿ ಹೇಳಿ.

ನಮ್ಮ ಹಿರಿಯರ ಲೆಕ್ಕ ನೆನಪಿಸಿಕೊಳ್ಳಿ. ರೂಪಾಯಿಗೆ ಹದಿನಾರು ಆಣೆ, ಡಿನಾರಿಯಸ್‌ಗೆ ಹದಿನಾರು ಆಸ್. ಎರಡಕ್ಕೂ ಸಂಬಂಧ ಇಲ್ಲ, ಆದರೂ ನೆನಪಿಡಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ. ಆಸ್ ತಾಮ್ರದ್ದು. ನಾಲ್ಕು ಆಸ್ ಸೇರಿದರೆ ಒಂದು ಸೆಸ್ಟರ್ಷಿಯಸ್. ಅದು ಹಿತ್ತಾಳೆಯದು, ಸುಮಾರು 25 ಗ್ರಾಂ, ಅಂಗೈಯಲ್ಲಿಟ್ಟರೆ ಭಾರ ಗೊತ್ತಾಗುತ್ತದೆ. ನಾಲ್ಕು ಸೆಸ್ಟರ್ಷಿಯಸ್‌ಗೆ ಬೆಳ್ಳಿಯ ಒಂದು ಡಿನಾರಿಯಸ್, ಇಪ್ಪತ್ತೈದು ಡಿನಾರಿಯಸ್‌ಗೆ ಚಿನ್ನದ ಒಂದು ಔರಿಯಸ್. ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದಿಂದ ಸುಮಾರು ಇನ್ನೂರು ವರ್ಷ ಈ ಲೆಕ್ಕ ನಡೆಯಿತು. ಮೂರನೇ ಶತಮಾನದಲ್ಲಿ ಎಲ್ಲ ಕಲಸುಮೇಲೋಗರ ಆಯಿತು, ಆ ಕಥೆ ಕೆಳಗಿದೆ.

## ಗುರುತು ಹಿಡಿಯುವುದು

ಕೈಗೆ ಒಂದು ನಾಣ್ಯ ಸಿಕ್ಕಿದೆ. ಯಾರದು ಅಂತ ಎಲ್ಲಿಂದ ಶುರು ಮಾಡಿ ಹುಡುಕೋದು?

ಎಲ್ಲರೂ ಮೊದಲು ಮುಖ ನೋಡುತ್ತಾರೆ. ನೀವು ಮೊದಲು ತೂಗಿ. ಅಕ್ಕಸಾಲಿಗರು ಇಟ್ಟುಕೊಳ್ಳುವಂಥ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಆಮೇಲೆ ಅಗಲ ಅಳೆಯಿರಿ, ಲೋಹ ಯಾವುದು ನೋಡಿ. ಈ ಮೂರರಲ್ಲೇ ಯಾವ ಶತಮಾನ ಅನ್ನುವುದು ಹೆಚ್ಚುಕಡಿಮೆ ಗೊತ್ತಾಗುತ್ತದೆ.

ನನ್ನ ಮೊದಲ ನಾಣ್ಯವನ್ನೇ ನೋಡೋಣ. ಕಂಚು, 17 ಮಿಲಿಮೀಟರ್, ಎರಡೂವರೆ ಗ್ರಾಮಿಗೆ ಸ್ವಲ್ಪ ಕಡಿಮೆ. ಇಷ್ಟು ಚಿಕ್ಕ ಕಂಚಿನದು ಅಂದರೆ ಸಾಮಾನ್ಯವಾಗಿ ನಾಲ್ಕನೇ ಶತಮಾನ. ಟೇಬಲ್ ದೀಪವನ್ನು ಪಕ್ಕಕ್ಕೆ ಬಗ್ಗಿಸಿ, ಬೆಳಕು ಓರೆಯಾಗಿ ಬೀಳುವ ಹಾಗೆ ಮಾಡಿ ನಾಣ್ಯವನ್ನು ನಿಧಾನ ತಿರುಗಿಸಿದೆ. ನೇರ ಬೆಳಕಲ್ಲಿ ಇಲ್ಲವೇ ಇಲ್ಲ ಅನಿಸಿದ್ದ ಅಕ್ಷರ ಎದ್ದು ಬಂದವು. ತಲೆಯ ಸುತ್ತ ಕಾನ್‌ಸ್ಟಾಂಟಿನಸ್, ಆಮೇಲೆ ಐ-ವಿ-ಎನ್, ಆಮೇಲೆ ಎನ್-ಓ-ಬಿ-ಸಿ. ಐ-ವಿ-ಎನ್ ಅಂದರೆ ಯುನಿಯೋರ್, ಕಿರಿಯ. ಎನ್-ಓ-ಬಿ-ಸಿ ಅಂದರೆ ನೊಬಿಲಿಸ್ಸಿಮಸ್ ಸೀಸರ್, ಯುವರಾಜ ಅನ್ನಿ. ಹಾಗಾದರೆ ಇದು ದೊಡ್ಡ ಕಾನ್‌ಸ್ಟಂಟೈನ್ ಅಲ್ಲ, ಮಗ ಎರಡನೇ ಕಾನ್‌ಸ್ಟಂಟೈನ್.

ಹಿಂಬದಿಯಲ್ಲಿ ಇಬ್ಬರು ಸೈನಿಕರು, ನಡುವೆ ಎರಡು ಧ್ವಜಗಂಬ, ಸುತ್ತ 'ಗ್ಲೋರಿಯಾ ಎಕ್ಸೆರ್ಸಿಟುಸ್', ಸೇನೆಯ ಕೀರ್ತಿ ಅಂತ. ಧ್ವಜಗಂಬ ಎಣಿಸಿ. ಎರಡಿದ್ದರೆ ಕ್ರಿ.ಶ. 330ರಿಂದ 335, ಒಂದೇ ಇದ್ದರೆ ಅದಾದ ಮೇಲಿನದು. ಸೈನಿಕರ ಕಾಲ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಟಿ-ಆರ್-ಎಸ್. ಟಿ-ಆರ್ ಅಂದರೆ ಟ್ರಿಯರ್, ಈಗಿನ ಜರ್ಮನಿಯ ಊರು. ಎಸ್ ಅಂದರೆ ಸೆಕುಂಡಾ, ಅಲ್ಲಿನ ಎರಡನೇ ಕಮ್ಮಟ. ಅಡಿಕೆ ಹೋಳಿನಷ್ಟು ಲೋಹದ ಮೇಲೆ ಯಾರು, ಯಾವಾಗ, ಯಾವ ಊರು, ಆ ಊರಿನಲ್ಲಿ ಯಾವ ಕಮ್ಮಟ, ಎಲ್ಲ ಇದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಷ್ಟು ಗೊತ್ತಾದ ಮೇಲೆ ಪಟ್ಟಿಯಲ್ಲಿ ಹುಡುಕಬಹುದು. 1923ರಿಂದ ಸಂಪುಟ ಸಂಪುಟವಾಗಿ ಬಂದ ಆರ್‌ಐಸಿ (ರೋಮನ್ ಇಂಪೀರಿಯಲ್ ಕಾಯಿನೇಜ್) ಎಂಬ ಪಟ್ಟಿಯ ನಂಬರನ್ನೇ ಎಲ್ಲರೂ ಬಳಸುತ್ತಾರೆ. ಪುಸ್ತಕ ದುಬಾರಿ. ಆದರೆ ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯವರು ಓಸಿಆರ್‌ಇ ಹೆಸರಿನಲ್ಲಿ ಅದರ ವಿವರಗಳನ್ನು ಇಂಟರ್ನೆಟ್ಟಿಗೆ ಹಾಕಿದ್ದಾರೆ, ಪುಕ್ಕಟೆ.

ಅಕ್ಷರ ಅರ್ಧ ಅಳಿಸಿಹೋಗಿದೆ. ಬರೀ ಮುಖ ನೋಡಿ ಹೇಳೋಕೆ ಆಗುತ್ತಾ?

ಒಂದು ಮಟ್ಟಕ್ಕೆ ಆಗುತ್ತದೆ. ಮೊದಲು ಗಡ್ಡ. ಕ್ರಿ.ಶ. 117ರಲ್ಲಿ ಪಟ್ಟಕ್ಕೆ ಬಂದ ಹೇಡ್ರಿಯನ್‌ಗಿಂತ ಮುಂಚಿನ ಚಕ್ರವರ್ತಿಗಳು ಹೆಚ್ಚಾಗಿ ಗಡ್ಡ ಬೋಳಿಸಿಕೊಂಡವರು. ಆಮೇಲೆ ಗಡ್ಡದ ಕಾಲ. ಕಾನ್‌ಸ್ಟಂಟೈನ್ ಬಂದು ಮತ್ತೆ ಬೋಳಿಸಿದ.

ಆಮೇಲೆ ತಲೆ ಮೇಲೆ ಏನಿದೆ ನೋಡಿ. ಎಲೆಗಳ ಮಾಲೆಯೋ, ಸೂರ್ಯನ ಕಿರಣದ ಹಾಗೆ ಮುಳ್ಳುಮುಳ್ಳಾದ ಕಿರೀಟವೋ, ಮುತ್ತು ಪೋಣಿಸಿದ ಪಟ್ಟಿಯೋ? ಮುಳ್ಳಿನ ಕಿರೀಟ ಇದ್ದರೆ ಸಾಮಾನ್ಯವಾಗಿ ಅದು ಎರಡರ ನಾಣ್ಯ, ಅಂದರೆ ಎರಡು ಆಸ್ ಅಥವಾ ಎರಡು ಡಿನಾರಿಯಸ್ ಬೆಲೆಯದು. ಮುತ್ತಿನ ಪಟ್ಟಿ ಇದ್ದರೆ ಕಾನ್‌ಸ್ಟಂಟೈನ್ ಕಾಲ ಅಥವಾ ಆಮೇಲಿನದು. ರಾಣಿಯರದ್ದಾದರೆ ಜಡೆ, ತುರುಬು ನೋಡಿ. ಜೂಲಿಯಾ ಡೋಮ್ನಾಳ ಕೂದಲು ಒಮ್ಮೆ ನೋಡಿದರೆ ಮರೆಯುವುದಿಲ್ಲ, ಹೆಲ್ಮೆಟ್ ಹಾಕಿಕೊಂಡ ಹಾಗಿರುತ್ತದೆ.

ಆದರೆ ಮುಖವನ್ನು ಜಾಸ್ತಿ ನಂಬಬೇಡಿ. ನಾಲ್ಕನೇ ಶತಮಾನದಲ್ಲಿ ಎಲ್ಲರ ಮುಖವೂ ಒಂದೇ ಥರ ಕೆತ್ತಿದ್ದಾರೆ. ಅಲ್ಲಿ ಅಕ್ಷರವೇ ಗತಿ.

ಯು ಇರಬೇಕಾದ ಕಡೆ ವಿ ಇದೆ, ಚುಕ್ಕಿ ಇಲ್ಲ, ಜಾಗ ಬಿಟ್ಟಿಲ್ಲ. ಇದನ್ನ ಹೇಗೆ ಓದೋದು?

ಜಾಗ ಕಡಿಮೆ, ಬಿರುದು ಜಾಸ್ತಿ. ನಮ್ಮ ಶಾಸನಗಳಲ್ಲಿ ರಾಜನ ಹೆಸರು ಬರುವ ಹೊತ್ತಿಗೆ ನಾಲ್ಕು ಸಾಲು ಬಿರುದು ಮುಗಿದಿರುತ್ತದಲ್ಲ, ಹಾಗೇ. ಇಲ್ಲಿ ಎಲ್ಲವನ್ನೂ ಚುಟುಕು ಮಾಡಿದ್ದಾರೆ. ಐ-ಎಂ-ಪಿ ಅಂದರೆ ಇಂಪೆರಾಟೋರ್, ಚಕ್ರವರ್ತಿ ಅನ್ನಿ. ಎ-ವಿ-ಜಿ ಅಂದರೆ ಅಗಸ್ಟಸ್, ಇಲ್ಲಿ ಮೊದಲ ಚಕ್ರವರ್ತಿಯ ಹೆಸರಲ್ಲ, ಪಟ್ಟದ ಬಿರುದು. ಪಿ-ಎಂ ಅಂದರೆ ಪ್ರಧಾನ ಪುರೋಹಿತ. ಪಿ-ಪಿ ಅಂದರೆ ದೇಶದ ತಂದೆ. ಸಿ-ಓ-ಎಸ್ ಅಂದರೆ ಕಾನ್ಸಲ್, ರೋಮಿನ ಒಂದು ದೊಡ್ಡ ಹುದ್ದೆ. ಬಾಣಲೆ ಹಿಡಿದವನಿಗೆ ಮೊದಲ ದೋಸೆ ಕೆಟ್ಟ ಹಾಗೆ ಮೊದಲ ಹತ್ತು ನಾಣ್ಯ ಕಷ್ಟ. ಆಮೇಲೆ ಕಣ್ಣೇ ಪದ ಬಿಡಿಸುತ್ತದೆ.

ಹಿಂಬದಿಯಲ್ಲಿ ದೊಡ್ಡದಾಗಿ ಎಸ್-ಸಿ ಅಂತಿದೆ. ಏನದು?

ಸೆನಾಟುಸ್ ಕಾನ್ಸುಲ್ಟೊ, ಸೆನೆಟ್ ತೀರ್ಮಾನದಂತೆ ಅಂತ. ಮುಖ್ಯವಾಗಿ ತಾಮ್ರ, ಹಿತ್ತಾಳೆ ನಾಣ್ಯಗಳ ಮೇಲೆ ಬರುತ್ತದೆ. ಊರಿನ ಹೆಸರಲ್ಲ.

## ತೊಳೆಯುವುದು, ಕೊಳ್ಳುವುದು, ಮೋಸ ಹೋಗುವುದು

ಹುಣಸೆಹಣ್ಣು ಹಾಕಿ ತಿಕ್ಕಿದರೆ ಫಳಫಳ ಆಗಲ್ವಾ?

ಆಗುತ್ತದೆ. ನಾಣ್ಯ ಹಾಳಾಗುತ್ತದೆ. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅಮ್ಮ ನನ್ನ ಒಂದು ನಾಣ್ಯಕ್ಕೆ ದೇವರ ದೀಪದ ಜೊತೆ ಹುಣಸೆಹುಳಿ ಉಜ್ಜಿ, ಒರೆಸಿ, ಕಿಟಕಿಯಲ್ಲಿ ಒಣಗಲು ಇಟ್ಟಿದ್ದರು. ಇಲ್ಲಿಗೆ ಬಂದು ಎರಡು ವಾರವೂ ಆಗಿರಲಿಲ್ಲ, ಎಷ್ಟು ಖುಷಿಯಿಂದ ತೋರಿಸಿದರು ಅಂದರೆ ನಾನು ಏನೂ ಹೇಳಲಿಲ್ಲ. ಕಡು ಹಸಿರಿದ್ದದ್ದು ಹೊಸ ಚೊಂಬಿನ ಬಣ್ಣಕ್ಕೆ ಬಂದಿತ್ತು, ಸೈನಿಕರ ಮೂಗು ಮಾಯ.

ನೂರಾರು ವರ್ಷ ಮಣ್ಣಲ್ಲಿದ್ದು ಬಂದ ಹಸಿರು, ಕಂದು ಪದರ ಬರೀ ಕೊಳೆ ಅಲ್ಲ. ಎಷ್ಟೋ ಸಲ ಅಕ್ಷರ ಉಳಿದಿರುವುದು ಆ ಪದರದಲ್ಲೇ, ಕೆಳಗಿನ ಲೋಹ ಯಾವತ್ತೋ ತಿಂದುಹೋಗಿರುತ್ತದೆ. ಪದರ ತೆಗೆದರೆ ಚಿತ್ರವೂ ಹೋಯಿತು. ಡಿಸ್ಟಿಲ್ಡ್ ವಾಟರ್, ಮರದ ಹಲ್ಲುಕಡ್ಡಿ, ಬೇಕಾದಷ್ಟು ಸಮಯ, ಇಷ್ಟೇ ಸಾಕು. ನಲ್ಲಿ ನೀರೂ ಬೇಡ, ಅದರಲ್ಲಿ ಕ್ಲೋರಿನ್ ಇರುತ್ತದೆ. ಗೊತ್ತಿಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ.

ತಿಳಿ ಹಸಿರು ಪುಡಿ ಉದುರ್ತಿದೆ. ಅದು ಕಿಲುಬಾ?

ಗಟ್ಟಿಯಾಗಿ, ನುಣ್ಣಗೆ ಅಂಟಿಕೊಂಡಿದ್ದರೆ ಕಿಲುಬು, ಭಯವಿಲ್ಲ. ತಿಳಿ ಬಣ್ಣದ ಪುಡಿ, ಉಗುರಲ್ಲಿ ಕೆರೆದರೆ ಉದುರುತ್ತದೆ, ಕೆಳಗೆ ಗುಳಿ ಬಿದ್ದಿದೆ ಅಂದರೆ ಅದಕ್ಕೆ 'ಬ್ರಾಂಜ್ ಡಿಸೀಸ್' ಅನ್ನುತ್ತಾರೆ. ರೋಗಾಣು ಏನಿಲ್ಲ. ಲೋಹದೊಳಗೆ ಸೇರಿಕೊಂಡ ಕ್ಲೋರೈಡ್ ಗಾಳಿಯ ತೇವ ತಾಗಿದಾಗ ತಾಮ್ರವನ್ನು ತಿನ್ನುತ್ತದೆ, ಒಮ್ಮೆ ಶುರುವಾದರೆ ಬಿಡುವುದಿಲ್ಲ. ಆ ನಾಣ್ಯವನ್ನು ಮೊದಲು ಬೇರೆ ಇಡಿ. ಡಿಸ್ಟಿಲ್ಡ್ ವಾಟರಿನಲ್ಲಿ ವಾರಗಟ್ಟಲೆ, ನೀರು ಬದಲಿಸುತ್ತಾ ನೆನೆಸಿ, ಪೂರ್ತಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿಡಿ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಆ ಪೊಟ್ಟಣಗಳನ್ನು ಆಗಾಗ ಬದಲಿಸಬೇಕು. ಮೆತ್ತನೆಯ ಪಿವಿಸಿ ಕವರ್‌ಗಳಲ್ಲಿ ಮಾತ್ರ ಇಡಬೇಡಿ, ಕಾಲ ಕಳೆದಂತೆ ಅಂಟಂಟಾಗಿ ನಾಣ್ಯವನ್ನೇ ಕೆಡಿಸುತ್ತವೆ.

ನಕಲಿ ಅಂತ ಹೇಗೆ ಗೊತ್ತಾಗುತ್ತೆ?

ನಕಲಿಗೂ ದೊಡ್ಡ ಇತಿಹಾಸ ಇದೆ. ಹದಿನಾರನೇ ಶತಮಾನದಲ್ಲೇ ಇಟಲಿಯ ಪಾಡುವಾದಲ್ಲಿ ಜೊವಾನ್ನಿ ದ ಕಾವಿನೊ ರೋಮನ್ ನಾಣ್ಯಗಳ ಹಾಗೇ ಚೆಂದದ ಪ್ರತಿಗಳನ್ನು ಮಾಡಿದ. ಜರ್ಮನಿಯ ಕಾರ್ಲ್ ಬೆಕರ್ ಇನ್ನೂರು ವರ್ಷದ ಹಿಂದೆ ಹೊಸ ಅಚ್ಚಿನಲ್ಲಿ ನಾಣ್ಯ ಹೊಡೆದು, ಜಿಡ್ಡು ಮತ್ತು ಕಬ್ಬಿಣದ ಪುಡಿ ತುಂಬಿದ ಡಬ್ಬಿಗೆ ಹಾಕಿ, ಸಾರೋಟಿಗೆ ಕಟ್ಟಿ ಊರು ಸುತ್ತಿಸುತ್ತಿದ್ದನಂತೆ, ಹಳೇದರ ಹಾಗೆ ಕಾಣಲಿ ಅಂತ.

ಈಗಿನ ಅಗ್ಗದ ನಕಲಿಗಳು ಹೆಚ್ಚಾಗಿ ಎರಕದವು, ಅಸಲಿಯ ಹಾಗೆ ಸುತ್ತಿಗೆಯಲ್ಲಿ ಹೊಡೆದವಲ್ಲ. ಅಂಚನ್ನು ನೋಡಿ: ಎರಡು ಅರ್ಧ ಸೇರಿದ ಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು ಇದೆಯಾ? ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳಿವೆಯಾ? ಅಕ್ಷರಗಳು ಕರಗಿದ ಸೋಪಿನ ಹಾಗೆ ಮೊಂಡಾಗಿವೆಯಾ? ತೂಕ ಸರಿ ಇದೆಯಾ? ನಾನು ಒಂದು ಮೇಳದಲ್ಲಿ ಚಕ್ರವರ್ತಿ ಟ್ರಾಜನ್ನನ ಡಿನಾರಿಯಸ್ ಕೊಂಡೆ. ಮಾರಿದವರು ನಗುಮುಖದ ಹಿರಿಯರು, ಅನುಮಾನವೇ ಬರಲಿಲ್ಲ. ಆರು ತಿಂಗಳ ಮೇಲೆ ಬೇರೆ ಯಾರೋ ಮಾರಲು ಇಟ್ಟ ಫೋಟೋದಲ್ಲಿ ಅದೇ ನಾಣ್ಯ ಕಂಡಿತು. ಗಲ್ಲದ ಕೆಳಗೆ ಅದೇ ಗೀರು, ಅಂಚಿನಲ್ಲಿ ಅದೇ ಜಾಗದಲ್ಲಿ ಅದೇ ಬಿರುಕು. ನನ್ನದು ನನ್ನ ಕೈಯಲ್ಲೇ ಇತ್ತು. ಎರಡು ನಾಣ್ಯ ಒಂದೇ ಅಚ್ಚಿನಿಂದ ಬರಬಹುದು. ಆದರೆ ಒಂದೇ ಗೀರು, ಒಂದೇ ಬಿರುಕು ಬರುವುದಿಲ್ಲ. ಬಂದರೆ ಕನಿಷ್ಠ ಒಂದಂತೂ ಎರಕದ್ದು.

ಅಸಲಿ ಅಂತ ಗೊತ್ತಾದರೆ ಸಾಕಲ್ವಾ? ಎಲ್ಲಿಂದ ಬಂತು ಅಂತ ಯಾಕೆ ಕೆದಕಬೇಕು?

ಸಾಲದು. ಸೀಸರನ ಕೊಲೆಯ ನೆನಪಿಗೆ ಬ್ರೂಟಸ್ ಹೊಡೆಸಿದ ನಾಣ್ಯ ಒಂದಿದೆ, ಎರಡು ಕಠಾರಿ, ನಡುವೆ ಟೋಪಿ, ಕೆಳಗೆ 'ಈಡ್ ಮಾರ್', ಮಾರ್ಚ್ 15 ಅಂತ. ಅದರ ಚಿನ್ನದ ಪ್ರತಿಗಳು ಬೆರಳೆಣಿಕೆಯಷ್ಟು. ಅಂಥ ಒಂದು 2020ರಲ್ಲಿ ಲಂಡನ್ನಿನ ಹರಾಜಿನಲ್ಲಿ ಮೂವತ್ತು ಲಕ್ಷ ಪೌಂಡಿಗೂ ಜಾಸ್ತಿಗೆ ಹೋಯಿತು. ಆಮೇಲೆ ನೋಡಿದರೆ ಹಿಂದಿನ ಮಾಲೀಕರ ಬಗ್ಗೆ ಕೊಟ್ಟ ಕಾಗದಗಳು ಸುಳ್ಳು. 2023ರಲ್ಲಿ ನಾಣ್ಯ ಗ್ರೀಸಿಗೆ ವಾಪಸ್ ಹೋಯಿತು. ನಾಣ್ಯ ಅಸಲಿಯೇ ಇತ್ತು ನೋಡಿ!

ಹಾಗಾಗಿ ನಾನು ಬೆಲೆ ಕೇಳುವ ಮುಂಚೆ ಕೇಳುವುದು, ಇದಕ್ಕಿಂತ ಮುಂಚೆ ಇದು ಯಾರ ಹತ್ತಿರ ಇತ್ತು, ಎಲ್ಲಿ ಸಿಕ್ಕಿತು. ಹಳೇ ಹರಾಜಿನ ಚೀಟಿ, ಹಳೇ ಬಿಲ್ಲು ಏನಾದರೂ ಇದ್ದರೆ ಹತ್ತು ಪೌಂಡ್ ಜಾಸ್ತಿ ಆದರೂ ಕೊಡುತ್ತೇನೆ. "ಹಳೇ ಸಂಗ್ರಹದ್ದು" ಅಂತ ಬರೀ ಬಾಯಿಮಾತಿನಲ್ಲಿ ಹೇಳಿದರೆ ಎದ್ದು ಬರುತ್ತೇನೆ.

## ನಮ್ಮ ಕಡೆಯ ಪ್ರಶ್ನೆಗಳು

ಕರ್ನಾಟಕದಲ್ಲೂ ರೋಮನ್ ನಾಣ್ಯ ಸಿಕ್ಕಿವೆಯಂತೆ, ನಿಜವಾ?

ನಿಜ, ಅದೂ ಬೆಂಗಳೂರಿನಲ್ಲೇ. 1891ರಲ್ಲಿ ಯಶವಂತಪುರದ ಹತ್ತಿರ ರೈಲ್ವೆ ಕೆಲಸಕ್ಕೆ ಅಗೆಯುವಾಗ ಡಿನಾರಿಯಸ್‌ಗಳ ಗಂಟು ಸಿಕ್ಕಿತು. ಎಚ್‌ಎಎಲ್ ಕಡೆಯೂ ಸಿಕ್ಕಿವೆ. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಕಾಲದವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಶಾತವಾಹನರ ನಾಣ್ಯಗಳ ಜೊತೆ ಇವೂ ಬಂದಿವೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕ ಚಿನ್ನದ ನಾಣ್ಯಗಳು ಬೇರೆ ಕಾಲದವು, ಅವುಗಳಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ (ಈಗಿನ ಇಸ್ತಾಂಬುಲ್) ಆಳಿದವರ ನಾಣ್ಯಗಳೂ ಇವೆ.

ಮೆಣಸು, ಬಟ್ಟೆ, ಮಣಿಗಳಿಗಾಗಿ ಬಂದ ದುಡ್ಡು ಇದು. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಷಿಯಸ್ ನುಂಗುತ್ತದೆ ಅಂತ ರೋಮನ್ ಲೇಖಕ ಪ್ಲಿನಿ ಒಂದನೇ ಶತಮಾನದಲ್ಲೇ ಗೊಣಗಿದ್ದಾನೆ. ದಕ್ಷಿಣ ಭಾರತದಲ್ಲಿ ಜಾಸ್ತಿ ಸಿಗುವ ಬೆಳ್ಳಿ ನಾಣ್ಯ ಎರಡೇ ಬಗೆ. ಅಗಸ್ಟಸ್‌ನ ಹಿಂಬದಿಯಲ್ಲಿ ಮೊಮ್ಮಕ್ಕಳಾದ ಗಾಯಸ್, ಲೂಷಿಯಸ್ ಗುರಾಣಿ ಹಿಡಿದು ನಿಂತಿರುವುದು, ಟೈಬೀರಿಯಸ್‌ನ ಹಿಂಬದಿಯಲ್ಲಿ ಒಬ್ಬ ಹೆಂಗಸು ಕುಳಿತಿರುವುದು. ಕ್ರಿ.ಶ. 64ರಲ್ಲಿ ನೀರೋ ಡಿನಾರಿಯಸ್‌ನ ತೂಕವನ್ನೂ ಬೆಳ್ಳಿಯನ್ನೂ ಕಡಿಮೆ ಮಾಡಿದ. ಅದಾದ ಮೇಲಿನ ಬೆಳ್ಳಿ ನಾಣ್ಯ ನಮ್ಮ ಕಡೆ ಬಹಳ ಕಡಿಮೆ ಸಿಗುತ್ತದೆ. ನಮ್ಮ ವ್ಯಾಪಾರಿಗಳು ಒರೆಗೆ ಹಚ್ಚಿ ನೋಡಿ ಹಳೇದೇ ಕೊಡಿ ಅಂದಿರಬೇಕು ಅಂತ ನನ್ನ ಊಹೆ. ನಮ್ಮ 'ದೀನಾರ' ಪದವೂ ಡಿನಾರಿಯಸ್‌ನಿಂದಲೇ ಬಂದದ್ದು. ಕೆಲವು ಚಿನ್ನದ ನಾಣ್ಯಗಳಿಗೆ ತೂತು ಇದೆ, ಕಾಸಿನ ಸರದ ಹಾಗೆ ಕೊರಳಿಗೆ ಹಾಕಿಕೊಂಡಿದ್ದಾರೆ.

ನಮ್ಮ ಹೊಲದಲ್ಲಿ ಸಿಕ್ಕರೆ ಇಟ್ಟುಕೊಳ್ಳಬಹುದಾ?

ಇಲ್ಲ. ನೆಲದಲ್ಲಿ ಸಿಕ್ಕ ನಿಧಿಗೆ ಕರ್ನಾಟಕದಲ್ಲಿ 1962ರ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಹೊಲ ನಿಮ್ಮದೇ ಆದರೂ ಅಷ್ಟೇ. ಅಕ್ಕಸಾಲಿಗರ ಹತ್ತಿರ ಹೋದರೆ ಕರಗಿ ಬಳೆ ಆಗುತ್ತದೆ, ಆಮೇಲೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಸಿಕ್ಕ ಜಾಗವನ್ನು ಕೆದಕದೆ, ಮಡಕೆ ಚೂರನ್ನೂ ಎತ್ತದೆ ಹೇಳಿ ಕಳಿಸಿ. ಮಡಕೆ ಯಾವುದು, ಎಷ್ಟು ಆಳದಲ್ಲಿತ್ತು ಅನ್ನುವುದೂ ನಾಣ್ಯದಷ್ಟೇ ಮುಖ್ಯ.

ಇಂಗ್ಲೆಂಡಿನಲ್ಲಿ ಹೊಲದವರ ಒಪ್ಪಿಗೆ ಇದ್ದರೆ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಬಹುದು. ಆದರೆ 1996ರ ಕಾಯ್ದೆಯ ಪ್ರಕಾರ ನಿಧಿ ಅನ್ನಿಸುವಂಥದ್ದು ಸಿಕ್ಕರೆ 14 ದಿನದಲ್ಲಿ ತಿಳಿಸಲೇಬೇಕು. ಇಟಲಿ, ಟರ್ಕಿ, ಗ್ರೀಸ್ ಕಡೆ ಅಂಥ ಸಾಹಸವೇ ಬೇಡ.

ಊರಿಗೆ ಬರುವಾಗ ಒಂದು ತಂದು ತೋರಿಸ್ತೀರಾ?

ಇಲ್ಲ ಸ್ವಾಮಿ. ನೂರು ವರ್ಷ ದಾಟಿದ ನಾಣ್ಯ ಭಾರತದ 1972ರ ಕಾಯ್ದೆಯ ಪ್ರಕಾರ ಪುರಾವಸ್ತು, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ವಾಪಸ್ ಹೋಗುವಾಗ ವಿಮಾನ ನಿಲ್ದಾಣದಲ್ಲಿ ನಿಂತು "ಇದು ಇಲ್ಲಿಯದಲ್ಲ, ನಾನೇ ತಂದದ್ದು" ಅಂತ ವಾದ ಮಾಡುವ ಧೈರ್ಯ ನನಗಿಲ್ಲ. ಫೋಟೋ ಕಳಿಸುತ್ತೇನೆ.

## ಸ್ವಲ್ಪ ಮುಂದೆ ಹೋದವರಿಗೆ

ಬೆಳ್ಳಿ ಅಂತ ತಗೊಂಡೆ, ತಾಮ್ರದ ಹಾಗಿದೆ. ಮೋಸ ಹೋದೆನಾ?

ಆಗಿರಬಹುದು, ಆದರೆ ಮೋಸ ಮಾಡಿದ್ದು ಚಕ್ರವರ್ತಿಯೇ ಇರಬಹುದು. ಕ್ರಿ.ಶ. 215ರಲ್ಲಿ ಕಾರಕಲ್ಲಾ ಒಂದು ಹೊಸ ನಾಣ್ಯ ತಂದ, ಈಗ ಅದನ್ನು ಆಂಟೊನಿನಿಯಾನಸ್ ಅನ್ನುತ್ತಾರೆ. ಮುಳ್ಳಿನ ಕಿರೀಟದ್ದು. ಎರಡು ಡಿನಾರಿಯಸ್ ಬೆಲೆ ಅಂತ ಕೊಟ್ಟರು, ಒಳಗಿದ್ದ ಬೆಳ್ಳಿ ಒಂದೂವರೆಯಷ್ಟು. ಆಮೇಲೆ ಬಂದವರು ಇಳಿಸುತ್ತಲೇ ಹೋದರು. 270ರ ಹೊತ್ತಿಗೆ ನೂರಕ್ಕೆ ಐದು ಪಾಲು ಬೆಳ್ಳಿಯೂ ಇರಲಿಲ್ಲ, ಮೇಲೊಂದು ತೆಳು ಬೆಳ್ಳಿ ಹೊದಿಕೆ ಅಷ್ಟೇ. ಅದು ಸವೆದರೆ ಕಾಣುವುದು ತಾಮ್ರ. ಇದು ಅಸಲಿಯೇ.

ಇನ್ನೊಂದು ಬಗೆ, ಒಳಗೆ ತಾಮ್ರದ ತಿರುಳು, ಮೇಲೆ ಬೆಳ್ಳಿ ತಗಡು ಹೊದಿಸಿ ಡಿನಾರಿಯಸ್‌ನಂತೆ ಹೊಡೆದದ್ದು. ಅದನ್ನು ಫೂರೆ ಅನ್ನುತ್ತಾರೆ. ಅದು ಆ ಕಾಲದ್ದೇ ಕಳ್ಳನಾಣ್ಯ, ಎರಡು ಸಾವಿರ ವರ್ಷದ ಹಳೇ ಮೋಸ. ನನ್ನ ಹತ್ತಿರ ಒಂದಿದೆ, ಅದನ್ನು ಮಾತ್ರ ಮಾರುವುದಿಲ್ಲ.

ಇಸವಿ ಎಲ್ಲೂ ಬರೆದಿಲ್ಲ, ಆದರೂ ಇಂಥ ವರ್ಷ ಅಂತೀರಲ್ಲ, ಹೇಗೆ?

ಬಿರುದುಗಳಿಂದ. ಟಿ-ಆರ್-ಪಿ ಅಂದರೆ ಟ್ರಿಬ್ಯೂನ್ ಅಧಿಕಾರ, ಅದು ವರ್ಷವರ್ಷ ಹೊಸದಾಗುತ್ತದೆ, ಪಕ್ಕದಲ್ಲಿ ಅಂಕಿ ಇದ್ದರೆ ಆ ಅಧಿಕಾರ ಸಿಕ್ಕ ಎಷ್ಟನೇ ವರ್ಷ ಅಂತ ಲೆಕ್ಕ ಹಾಕಬಹುದು. ಎಷ್ಟನೇ ಸಲ ಕಾನ್ಸಲ್ ಆದ ಅನ್ನುವುದೂ ಸಹಾಯ ಮಾಡುತ್ತದೆ, ಯಾವಾಗಲೂ ಅಲ್ಲ. ಹೇಡ್ರಿಯನ್ 119ರಲ್ಲಿ ಮೂರನೇ ಸಲ ಕಾನ್ಸಲ್ ಆದ, ಮತ್ತೆ ಆಗಲೇ ಇಲ್ಲ. ಹಾಗಾಗಿ ಅವನ ನಾಣ್ಯದ ಮೇಲೆ 'ಕಾನ್ಸಲ್ 3' ಅಂತ ಇದ್ದರೆ 119ರಿಂದ 138ರಲ್ಲಿ ಸಾಯುವವರೆಗೆ ಯಾವ ವರ್ಷವೂ ಆಗಬಹುದು. ಅಂಥ ಕಡೆ ಮುಖ ಕೆತ್ತಿದ ರೀತಿ, ಬಿರುದುಗಳನ್ನು ಚುಟುಕು ಮಾಡಿದ ರೀತಿ ನೋಡಿ ವಿದ್ವಾಂಸರು ಜಗಳ ಆಡುತ್ತಾರೆ.

ಒಂದೇ ಆರ್‌ಐಸಿ ನಂಬರಿನ ಎರಡು ನಾಣ್ಯ ಪಕ್ಕ ಇಟ್ಟರೆ ಬೇರೆ ಬೇರೆ ಕಾಣುತ್ತಲ್ಲ?

ಕಾಣಲೇಬೇಕು. ಒಂದೊಂದು ಅಚ್ಚನ್ನೂ ಕೈಯಲ್ಲೇ ಕೆತ್ತುತ್ತಿದ್ದರು. ಕೆಳಗಿನ ಅಚ್ಚು ದಿಮ್ಮಿಯಲ್ಲಿ ಹೂತಿರುತ್ತದೆ, ಕಾಸಿದ ಲೋಹದ ಬಿಲ್ಲೆ ಇಡುತ್ತಾರೆ, ಮೇಲಿನ ಅಚ್ಚು ಹಿಡಿದು ಸುತ್ತಿಗೆಯಲ್ಲಿ ಒಂದೇಟು. ಏಟು ಓರೆ ಬಿದ್ದರೆ ಅರ್ಧ ಅಕ್ಷರ ಹೊರಗೆ. ಅಚ್ಚು ಸವೆಯುತ್ತದೆ, ಒಡೆಯುತ್ತದೆ, ಇನ್ನೊಂದು ಕೆತ್ತುತ್ತಾರೆ.

ಹಾಗಾಗಿ ಒಂದೇ ಅಚ್ಚಿನಿಂದ ಬಂದ ಎರಡು ನಾಣ್ಯ ಸಿಗುವುದು ಹಬ್ಬ. ಟ್ರಿಯರ್‌ನ ಆ ನನ್ನ ಮೊದಲ ನಾಣ್ಯದಲ್ಲಿ ಎಡಗಡೆ ಸೈನಿಕನ ಮೊಣಕಾಲಿಂದ ಗೆರೆಯವರೆಗೆ ಕೂದಲೆಳೆಯಷ್ಟು ಉಬ್ಬು ಇದೆ. ಅಚ್ಚು ಸೀಳಿದಾಗ ಆ ಸೀಳಿಗೆ ಲೋಹ ತುಂಬಿ ಹಾಗೆ ಏಳುತ್ತದೆ. ಅದೇ ಉಬ್ಬು ಇರುವ ಇನ್ನೊಂದಕ್ಕಾಗಿ ಎಂಟು ವರ್ಷದಿಂದ ಫೋಟೋ ನೋಡುತ್ತಿದ್ದೇನೆ. ಕಂಡರೆ ಹೇಳಿ.